ಚುಕ್ಕಿಯ ಬಾಲ

ಸೋಡರ್‌ಟೆಲ್ಯೆ
22 ಏಪ್ರಿಲ್ 2025

ರಮಣ ಮಾಮ,

ಇದನ್ನ ನಾನು ಬರೀತಾ ಇಲ್ಲ, ಮಾತಾಡ್ತಾ ಇದೀನಿ. ಫೋನು ಕೇಳಿಸ್ಕೊಂಡು ಅಕ್ಷರ ಮಾಡುತ್ತೆ, ನಾನು ಅಂಗಡಿ ಮೇಲ್‌ಗೆ ಕಳಿಸ್ತೀನಿ, ನೀವು ಓದ್ಕೊಳ್ಳಿ. ಕಾಲ್ ಮಾಡಿದ್ರೆ ನಿಮ್ಮ ಕಿವಿ ಮೆಷಿನ್ನು ಕುಂಯ್ ಅನ್ನುತ್ತೆ, ನೀವು "ಸರಿ ಪುಟ್ಟಿ, ಇಡ್ತೀನಿ" ಅಂತೀರಾ. ಎರಡು ವರ್ಷದಿಂದ ನಮ್ಮ ಮಾತು ಅಷ್ಟೇ ಅಲ್ವಾ. ಕನ್ನಡಕದಂಗಡಿ ನೀನೇ ನೋಡ್ಕೋ ಅಂದ್ರಿ, ನಾನು ಏರ್‌ಪೋರ್ಟಿಗೆ ಹೋದೆ. ಆಮೇಲೆ ನೀವೂ ಏನೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ.

ಈಗ ಕೇಳೋದಿದೆ. ಲೆನ್ಸಿನ ವಿಷಯ. ಅದಕ್ಕೆ ನಿಮ್ಮನ್ನ ಬಿಟ್ರೆ ನಂಗ್ಯಾರು ಗೊತ್ತು?

ಬಿಲ್ಡಿಂಗಿನ ಕೆಳಗಡೆ ಬಟ್ಟೆ ಒಗೆಯೋ ರೂಮಲ್ಲಿ ಕೂತಿದೀನಿ. ಇಲ್ಲಿ ವಾಷಿಂಗ್ ಮೆಷಿನ್ನಿಗೂ ಬುಕಿಂಗು, ನಂಗೆ ಯಾವಾಗ್ಲೂ ಕೊನೇ ಸ್ಲಾಟೇ ಸಿಗೋದು. ಟ್ರಕ್ ಫ್ಯಾಕ್ಟರಿ ಕೆಲಸ ಪರವಾಗಿಲ್ಲ. ಮಾಲ್ಮೋ ಬಿಟ್ಟೆ, ಸ್ಟಾಕ್‌ಹೋಮ್ ಬಿಟ್ಟೆ, ಇದನ್ನೂ ಬಿಡ್ತಿದ್ದೆ. ಬಿಡದೇ ಇರೋದಕ್ಕೆ ಒಂದೇ ಕಾರಣ, ಇಲ್ಲಿನ ರೈಫಲ್ ಕ್ಲಬ್ಬು. ನಗಬೇಡಿ. ಎನ್‌ಸಿಸಿ ಕ್ಯಾಂಪಲ್ಲಿ ಮಲಗ್ಕೊಂಡು ಹೊಡೀತಿದ್ವಲ್ಲ, ಹಾಗಲ್ಲ ಇದು. ಓಡಬೇಕು, ಮೂಲೆ ತಿರುಗಿ ಹತ್ತಿರದ ರಟ್ಟಿನ ಗುರಿಗಳಿಗೆ ಹೊಡೀಬೇಕು, ತಕ್ಷಣ ಮೊಣಕಾಲೂರಿ ದೂರದಲ್ಲಿರೋ ಕಬ್ಬಿಣದ ಪ್ಲೇಟ್ ಬೀಳಿಸಬೇಕು. ಎಲ್ಲದಕ್ಕೂ ಗಡಿಯಾರ ಓಡ್ತಿರುತ್ತೆ.

ಹತ್ತಿರದ್ದಕ್ಕೆ ಝೂಮ್ ಇರಬಾರದು, ಎರಡೂ ಕಣ್ಣು ಬಿಟ್ಕೊಂಡು ಹೊಡೆಯೋದು. ದೂರದ್ದಕ್ಕೆ ಝೂಮ್ ಬೇಕೇ ಬೇಕು. ಅದಕ್ಕೇ ರೈಫಲ್ ಮೇಲೆ ಕೂರೋ ದುರ್ಬೀನು, ಝೂಮ್ ಒಂದರಿಂದ ಆರರ ತನಕ ತಿರುಗೋ ಸ್ಕೋಪು. ಮಧ್ಯದಲ್ಲಿ ಒಂದು ಕೆಂಪು ಚುಕ್ಕಿ ಹೊಳೀತಿರುತ್ತೆ, ಅದನ್ನ ಗುರಿ ಮೇಲೆ ಇಟ್ಟು ಹೊಡೆಯೋದು. ರೈಫಲ್ಲು ಕ್ಲಬ್ಬಿಂದು, ಸ್ಕೋಪ್ ಮಾತ್ರ ನಮ್ಮದು.

ಸೆಪ್ಟೆಂಬರಲ್ಲಿ ದೊಡ್ಡ ಮ್ಯಾಚಿದೆ. ನಮ್ಮ ಕ್ಲಬ್ಬಿನ ಟೀಮಲ್ಲಿ ನಾಲ್ಕು ಜನ, ಮೂರು ಫಿಕ್ಸ್ ಆಗಿದೆ. ನಾಲ್ಕನೇದು ನಾನು ಇಲ್ಲಾ ಅವಿನಾಶ್. ಅವನು ಹುಬ್ಬಳ್ಳಿಯವನು, ನಮ್ಮ ಫ್ಯಾಕ್ಟರೀಲೇ ಇದಾನೆ. ಜೂನ್ ಹದಿನಾಲ್ಕಕ್ಕೆ ಸೆಲೆಕ್ಷನ್. ಈ ದೇಶಕ್ಕೆ ಬಂದ ಮೇಲೆ ನಂಗೆ ಬೇಕು ಅಂತ ಅನ್ನಿಸಿರೋದು ಇದೊಂದೇ, ಮಾಮ.

ಸಮಸ್ಯೆ ಏನಂದ್ರೆ, ಎರಡು ಸ್ಕೋಪ್ ತಗೊಂಡೆ, ಎರಡೂ ಡಬ್ಬಾ. ಚುಕ್ಕಿ ಗುಂಡಗಿಲ್ಲ. ಕೆಳಗಡೆ ಒಂದು ಬಾಲ ಇದೆ, ಅಲ್ಪವಿರಾಮದ ಥರ. ಝೂಮ್ ಒಂದರಲ್ಲಿ ಇಟ್ಟಾಗ ನಡೆಯುತ್ತೆ, ರಟ್ಟು ದೊಡ್ಡದು. ಆರಕ್ಕೆ ತಿರುಗಿಸಿದ್ರೆ ದೂರದ ಪ್ಲೇಟು ಒಂದಲ್ಲ, ಒಂದೂವರೆ ಕಾಣುತ್ತೆ. ಅವಿನಾಶನ್ನ ಕೇಳಿದ್ರೆ "ಕಡಿಮೆ ರೇಟಿನ ಗ್ಲಾಸು, ಇನ್ನೇನ್ ಕಾಣಬೇಕು ನಿಂಗೆ" ಅಂತಾನೆ. ಯಾವ ಥರ ಗ್ಲಾಸ್ ನೋಡಿ ತಗೋಬೇಕು, ಹೇಳ್ತೀರಾ?

ಮೆಷಿನ್ ನಿಂತಿತು. ಬಟ್ಟೆ ತೆಗೀಬೇಕು.

ಇಳಾ

*

ಮೈಸೂರು
27 ಏಪ್ರಿಲ್ 2025

ಪ್ರಿಯ ಇಳಾ,

ನಿನ್ನ ಮಾತು ಅಕ್ಷರವಾಗಿ ಬಂದು ತಲುಪಿತು. ಮೂರು ಸಲ ಓದಿದೆ. ಶೋಭನಾ ಅತ್ತೆಗೂ ಓದಿ ಹೇಳಿದೆ. ಅವಳಿಗೆ ಬಂದೂಕಿನ ವಿಷಯ ರುಚಿಸಲಿಲ್ಲ, ಬಟ್ಟೆ ಒಗೆಯುವ ವಿಷಯ ರುಚಿಸಿತು.

ಗ್ಲಾಸಿನ ಬಗ್ಗೆ ಹೇಳುವ ಮೊದಲು ನಾಲ್ಕು ಪ್ರಶ್ನೆ. ಎರಡು ಸ್ಕೋಪಿನಲ್ಲೂ ಬಾಲ ಒಂದೇ ದಿಕ್ಕಿಗಿದೆಯೇ? ಬಿಸಿಲಿನಲ್ಲಿ ಕಡಿಮೆ, ಮೋಡ ಕವಿದಾಗ ಹೆಚ್ಚು ಎನಿಸುತ್ತದೆಯೇ? ಕಣ್ಣಿನ ಕಡೆ ಇರುವ ಉಂಗುರವನ್ನು ತಿರುಗಿಸಿ ನೋಡಿದೆಯಾ? ಅದರಿಂದ ಸಾದಾ ಪವರ್ ಸರಿಹೋಗುತ್ತದೆ, ಕಣ್ಣಿನ ಡೊಂಕಿನಿಂದ ಬರುವ ಸಿಲಿಂಡರ್ ಪವರ್ ಸರಿಹೋಗುವುದಿಲ್ಲ. ನಾಲ್ಕನೆಯದು, ನೀನು ಈಗಲೂ ಕಣ್ಣು ಉಜ್ಜುತ್ತೀಯಾ?

ಒಂದು ಸುಲಭ ಪರೀಕ್ಷೆ ಇದೆ. ಸ್ಕೋಪಿನಲ್ಲಿ ಚುಕ್ಕಿಯನ್ನು ನೋಡುತ್ತಲೇ ಸ್ಕೋಪನ್ನು ನಿಧಾನವಾಗಿ ಪಕ್ಕಕ್ಕೆ ಉರುಳಿಸು. ನಿನ್ನ ತಲೆ ಅಲುಗಬಾರದು. ಸ್ಕೋಪಿನ ಜೊತೆ ಬಾಲವೂ ತಿರುಗಿದರೆ ದೋಷ ಗಾಜಿನದು, ಅಂಗಡಿಯವನಿಗೆ ಹಿಂದಿರುಗಿಸು. ಸ್ಕೋಪು ತಿರುಗಿ ಬಾಲ ಮಾತ್ರ ಇದ್ದಲ್ಲೇ ಇದ್ದರೆ ನನಗೆ ಬರೆ. ಮೂರನೆಯ ಸ್ಕೋಪು ಕೊಳ್ಳುವ ಮೊದಲು ಬರೆ.

ರಮಣ ಮಾಮ

*

ಸೋಡರ್‌ಟೆಲ್ಯೆ
18 ಮೇ 2025

ಮಾಮ,

ಲೇಟಾಯ್ತು, ಸಾರಿ. ಫ್ಯಾಕ್ಟರೀಲಿ ಹೊಸ ಲೈನು, ವಾರಪೂರ್ತಿ ಅದೇ. ಮತ್ತೆ ಇಲ್ಲಿ ಬರ್ಚ್ ಮರದ ಪರಾಗ ಹಾರೋ ಸೀಸನ್ನು. ಹಳದಿ ಪುಡಿ ಎಲ್ಲಾ ಕಡೆ, ಬಸ್‌ಸ್ಟಾಪ್ ಬೆಂಚಿನ ಮೇಲೂ. ಅರ್ಧ ಊರು ಸೀನ್ತಾ ಇದೆ. ಹೌದು, ಕಣ್ಣು ಉಜ್ತೀನಿ. ಕಡೀತಾ ಇದ್ರೆ ಇನ್ನೇನ್ ಮಾಡ್ಲಿ, ಪೂಜೆ ಮಾಡ್ಲಾ?

ಮೂರನೇ ಸ್ಕೋಪ್ ಬಂತು. ಬೈಬೇಡಿ. ಆಸ್ಟ್ರಿಯಾದಲ್ಲಿ ಮಾಡಿರೋದು, ಗ್ಲಾಸು ಅಂದ್ರೆ ಗ್ಲಾಸು. ಅಂಚಿನ ತನಕ ಕ್ಲಿಯರ್ರು, ತೂಕಾನೂ ಕಡಿಮೆ, ತಲೆ ಸ್ವಲ್ಪ ಆಚೀಚೆ ಆದ್ರೂ ಚಿತ್ರ ಹೋಗಲ್ಲ. ಅವಿನಾಶ್ ಇನ್ನೂ ನೋಡಿಲ್ಲ, ಕೊಡಲ್ಲ ಅಂದೆ. "ಏನ್ ತಾಯಿ, ಸ್ಕೋಪಿಗೂ ಮಡಿನಾ?" ಅಂತ ಕಾಡಿಸ್ತಾನೆ. ಒಂದರಿಂದ ಎಂಟರದ್ದು ಬೇಡ, ಆರು ಸಾಕು ಅಂತ ನಾನೇ ಡಿಸೈಡ್ ಮಾಡಿದೆ. ಎಂಟು ಅಂದ್ರೆ ಭಾರ ಜಾಸ್ತಿ, ಓಡೋವಾಗ ರೈಫಲ್ ಮೂತಿ ಎಳೆಯುತ್ತೆ.

ಬಿಸಿಲಿದ್ದ ದಿನ ಸೂಪರ್ರಾಗಿ ಹೊಡೆದೆ. ಗುನಿಲ್ಲಾನೇ ತಿರುಗಿ ನೋಡಿದ್ರು. ಅವರು ನಮ್ಮ ಟೀಮ್ ಕ್ಯಾಪ್ಟನ್ನು, ಅರವತ್ತು ದಾಟಿದೆ, ಮಾತು ಕಮ್ಮಿ. ಗುರುವಾರ ಮೋಡ ಇತ್ತು, ಅವತ್ತು ಎಲ್ಲಾ ಎಕ್ಕುಟ್ಟೋಯ್ತು. ಇದಕ್ಕೂ ಸಣ್ಣ ಬಾಲ ಇದೆ. ಸೆಟ್ ಆಗಕ್ಕೆ ಟೈಮ್ ಬೇಕೇನೋ.

ನಿಮ್ಮ ಟೆಸ್ಟ್ ಮಾಡಕ್ಕಾಗ್ಲಿಲ್ಲ. ರೇಂಜಲ್ಲಿ ರೈಫಲ್ ಹಾಗೆಲ್ಲಾ ಉರುಳಿಸಿದ್ರೆ ಹೊರಗೆ ಹಾಕ್ತಾರೆ, ಇಲ್ಲಿ ರೂಲ್ಸ್ ಅಂದ್ರೆ ರೂಲ್ಸು.

ಅತ್ತೆಗೆ ಹೇಳಿ, ಬಿಳಿ ಬಟ್ಟೆ ಬೇರೆ ಹಾಕ್ತಾ ಇದೀನಿ.

ಇಳಾ

*

ಮೈಸೂರು
21 ಮೇ 2025

ಇಳಾ,

ಸ್ಕೋಪು ರೈಫಲ್ ಇಲ್ಲದೆಯೂ ಉರುಳುತ್ತದೆ. ಕೈಯಲ್ಲಿ ಹಿಡಿದು ಕಿಟಕಿಯಾಚೆ ನೋಡಿದರೆ ಸಾಕು. ಇದು ನಿನಗೆ ಹೊಳೆಯದ ವಿಷಯವೆಂದು ನಾನು ನಂಬಬೇಕೇ?

ಹೋಗಲಿ, ಅದು ಬೇಡ. ಅಂಗಡಿಯ ಅಕ್ಷರದ ಪಟವನ್ನು ಸ್ಕ್ಯಾನ್ ಮಾಡಿಸಿ ಇದರ ಜೊತೆ ಕಳಿಸಿದ್ದೇನೆ. ಕಚೇರಿಯಲ್ಲಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸು. ಹತ್ತು ಅಡಿ ದೂರ ನಿಲ್ಲು. ಎಡಗಣ್ಣನ್ನು ಅಂಗೈಯಿಂದ ಮುಚ್ಚು, ಒತ್ತಬೇಡ. ಸ್ಕೋಪಿಗೆ ಇಡುವ ಬಲಗಣ್ಣಿನಿಂದ ಕೊನೆಯ ಸಾಲು ಓದಿ ನನಗೆ ಬರೆ. ನೀನು ಹುಟ್ಟಿದಾಗಿನಿಂದ ನೋಡುತ್ತಿರುವ ಪಟ, ಭಯಪಡುವಂಥದ್ದೇನಿಲ್ಲ.

ಕಣ್ಣು ಉಜ್ಜಬೇಡ. ತಣ್ಣೀರಿನ ಬಟ್ಟೆ ಇಟ್ಟುಕೋ. ಇದನ್ನು ಮಾತ್ರ ಹಟಕ್ಕೆ ಬಿದ್ದಾದರೂ ಪಾಲಿಸು.

ರಮಣ ಮಾಮ

*

ಸೋಡರ್‌ಟೆಲ್ಯೆ
25 ಮೇ 2025

ಮಾಮ,

ಅಂಟಿಸಿದೆ, ಹತ್ತಡಿ ನಿಂತೆ, ಎಡಗಣ್ಣು ಮುಚ್ಚಿದೆ. ಕೊನೇ ಸಾಲು: ಗ, ದ, ರ, ಪ, ಲ, ನ. ಒಂದೂ ತಪ್ಪಿಲ್ಲ. ಸಮಾಧಾನ ಆಯ್ತಾ?

ನಮ್ಮನೇಲಿ ಕನ್ನಡಕ ಇಲ್ಲದೆ ಇರೋಳು ನಾನೊಬ್ಬಳೇ ಅಂತ ಗಿರಾಕಿಗಳ ಮುಂದೆ ಹೇಳ್ಕೋತಿದ್ರಲ್ಲ, ಈಗಲೂ ಹೇಳ್ಕೋಬಹುದು. ಚೇರಿನ ಹಿಂದೆ ನಿಂತ್ಕೊಂಡು ಗಿರಾಕಿಗಳಿಗೆ ಪಟದ ಅಕ್ಷರ ಪಿಸುಗುಟ್ಟಿ ಹೇಳ್ಕೊಡ್ತಿದ್ದೆ ನೆನಪಿದೆಯಾ? "ಏಯ್ ಇಳಾ, ಅವರ ಪವರ್ ನೀನು ಕೊಡ್ತೀಯೇನೇ" ಅಂತ ಅಟ್ಟಿಸ್ಕೊಂಡು ಬರ್ತಿದ್ರಿ.

ನಿನ್ನೆ ಗುನಿಲ್ಲಾ ಅವರ ಸ್ಕೋಪು ನೋಡಕ್ಕೆ ಕೊಟ್ರು. ಚೆನ್ನಾಗಿದೆ. ಅದರಲ್ಲೂ ಸ್ವಲ್ಪ ಅದೇ ಥರ. ಈ ಕಂಪನಿಗಳೆಲ್ಲಾ ಒಂದೇ ಕಡೆಯಿಂದ ಚುಕ್ಕಿ ತರಿಸ್ತಾರೋ ಏನೋ.

ಇನ್ನು ಮೂರೇ ವಾರ. ಹರಸಿ.

ಇಳಾ

*

ಮೈಸೂರು
26 ಮೇ 2025

ಇಳಾ,

ಗ, ದ, ರ, ಪ, ಲ, ನ ಎಂಬ ಸಾಲು ನಾನು ಕಳಿಸಿದ ಪಟದಲ್ಲಿ ಇಲ್ಲ.

ಆ ಸಾಲು ಹಳೆಯ ಪಟದಲ್ಲಿತ್ತು. ನೀನು ಹೋದ ಮೇಲೆ ಅದು ಬಣ್ಣಗೆಟ್ಟಿತೆಂದು ತೆಗೆಸಿ, ಬೇರೆ ಅಕ್ಷರಗಳ ಹೊಸ ಪಟ ಹಾಕಿಸಿದೆ. ನೋಡುವುದಕ್ಕೆ ಎರಡೂ ಒಂದೇ, ಅದೇ ಚೌಕಟ್ಟು, ಅದೇ ದೀಪ. ಇದನ್ನು ನಿನಗೆ ಬೇಕೆಂದೇ ಹೇಳಲಿಲ್ಲ.

ನೀನು ಸುಳ್ಳು ಹೇಳಿದೆ ಎನ್ನುತ್ತಿಲ್ಲ. ನಿನ್ನ ಕಣ್ಣು ಓದುವ ಮೊದಲೇ ಬಾಯಿ ಓದಿಬಿಟ್ಟಿದೆ. ಎನ್‌ಸಿಸಿ ಸೇರುವಾಗಲೂ ಹಾಗೆ, ವೀಸಾದ ಸಮಯದಲ್ಲೂ ಹಾಗೆ. ಆಗೆಲ್ಲ ಅದೇ ಕುರ್ಚಿ, ಅದೇ ಪಟ. ನಿನ್ನ ಕಣ್ಣನ್ನು ಯಾರೂ ಇದುವರೆಗೆ ಪರೀಕ್ಷಿಸಿಲ್ಲ, ಇಳಾ. ಪರೀಕ್ಷೆ ಮಾಡಿದ್ದೆಲ್ಲ ನೆನಪಿನ ಶಕ್ತಿಯನ್ನು.

ನಾನು ಡಾಕ್ಟರಲ್ಲ. ಆದರೆ ಯಾವ ಸ್ಕೋಪು ಹಿಡಿದರೂ ಅದೇ ಬಾಲ, ಮೋಡವಿದ್ದು ಕಣ್ಣಿನ ಪಾಪೆ ಅಗಲವಾದಾಗ ಹೆಚ್ಚು, ವರ್ಷಗಟ್ಟಲೆ ಉಜ್ಜುವ ಅಭ್ಯಾಸ, ನಿನ್ನ ವಯಸ್ಸು, ಇವಿಷ್ಟನ್ನು ಕುರ್ಚಿಯಲ್ಲಿ ಕುಳಿತ ಬೇರೆ ಹುಡುಗಿ ಹೇಳಿದ್ದರೆ ಅದೇ ದಿನ ಆಸ್ಪತ್ರೆಗೆ ಕಳಿಸುತ್ತಿದ್ದೆ. ಕಣ್ಣಿನ ಮುಂಭಾಗದ ಪಾರದರ್ಶಕ ಪದರ ಕೆಲವರಲ್ಲಿ ತೆಳುವಾಗುತ್ತಾ ಮುಂದಕ್ಕೆ ಚೂಪಾಗುತ್ತದೆ. ಹಾಗೆ ಆಗಿದ್ದರೆ ಅದನ್ನು ಅಲ್ಲಿಗೇ ನಿಲ್ಲಿಸಬಹುದು, ಹಿಂದಿನಂತೆ ಮಾಡಲು ಬಹುತೇಕ ಆಗದು. ಆದ್ದರಿಂದ ಬೇಗ ಹೋದಷ್ಟೂ ಉಳಿಯುವುದು ಹೆಚ್ಚು.

ಜೂನ್ ಹದಿನಾಲ್ಕರವರೆಗೆ ಕಾಯಬೇಡ.

ರಮಣ ಮಾಮ

*

ಸೋಡರ್‌ಟೆಲ್ಯೆ
15 ಜೂನ್ 2025

ಮಾಮ,

ಸೆಲೆಕ್ಟ್ ಆದೆ.

ಇಷ್ಟು ದಿನ ಉತ್ತರ ಬರಲಿಲ್ಲ ಅಂತ ಸಿಟ್ಟಿರುತ್ತೆ. ನಂಗೂ ಸಿಟ್ಟಿತ್ತು. ಆ ಪಟ ಕಳಿಸಿದ್ರಲ್ಲ, ನಾನು ಕಳ್ಳಿ ಅಂತ ಹಿಡಿದ ಹಾಗಾಯ್ತು. ನಿಮ್ಮ ಮೇಲ್ ಓದಿ ಎದ್ದು ಹೋಗಿ ಮತ್ತೆ ಪಟದ ಮುಂದೆ ನಿಂತೆ, ಎಡಗಣ್ಣು ಮುಚ್ಚಿದೆ. ಎಲ್ಲಾ ಗೊತ್ತಿರೋ ಅಕ್ಷರದ ಹಾಗೇ ಕಾಣ್ತಿತ್ತು. ಕಾಣ್ತಿದೆಯೋ, ಗೊತ್ತಿದೆಯೋ, ಬೇರೆ ಮಾಡಕ್ಕೇ ಆಗ್ಲಿಲ್ಲ. ಹೆದರಿಕೆ ಆಗಿದ್ದು ಅದಕ್ಕೆ.

ನಿನ್ನೆ ಬೆಳಗ್ಗೆ ಬಿಸಿಲು ಬೆಂಕಿ ಥರ ಇತ್ತು. ಮೊದಲ ಮೂರು ಸುತ್ತಲ್ಲಿ ಅವಿನಾಶನ್ನ ಎಷ್ಟೋ ಹಿಂದೆ ಬಿಟ್ಟೆ. ನಾಲ್ಕನೇದಕ್ಕೆ ನಿಂತಾಗ ಕಾಡಿನ ಕಡೆಯಿಂದ ಮೋಡ ಬಂತು. ಹತ್ತಿರದ ರಟ್ಟು ಮುಗಿಸಿದೆ, ಓಡಿದೆ, ಕೂತೆ, ಆರಕ್ಕೆ ತಿರುಗಿಸಿದೆ. ಐದು ಪ್ಲೇಟು. ಒಂದು ಬಿತ್ತು, ಎರಡು ಬಿತ್ತು. ಮೂರನೇದಕ್ಕೆ ಹೊಡೆದೆ, ಠಣ್ ಅಂತು, ಪ್ಲೇಟು ಮಾತ್ರ ನಿಂತೇ ಇತ್ತು. ಮತ್ತೆ ಹೊಡೆದೆ. ಮತ್ತೆ. ಹಿಂದಿನಿಂದ "ಸ್ಟಾಪ್" ಅಂದ್ರು.

ಗುನಿಲ್ಲಾ ಪಕ್ಕಕ್ಕೆ ಬಂದು ರೈಫಲ್ ಖಾಲಿ ಮಾಡಿಸಿ, ಮೆಲ್ಲಗೆ ಕೇಳಿದ್ರು.

"ಯಾವುದಕ್ಕೆ ಹೊಡೀತಿದ್ದೆ ನೀನು?"

"ಮೂರನೇ ಪ್ಲೇಟಿಗೆ."

"ಅದು ಆಗ್ಲೇ ಬಿದ್ದಿದೆ. ನೀನೇ ಬೀಳಿಸಿದ್ದು."

ಎಲ್ಲಾ ನನ್ನೇ ನೋಡ್ತಿದ್ರು. ಬೆವರು ಕಣ್ಣಿಗೆ ಹೋಯ್ತು ಅಂದೆ. ಗುನಿಲ್ಲಾ ನನ್ನ ಮುಖ ನೋಡಿ ಬರ್ಕೊಂಡ್ರು. ಆದ್ರೂ ಮೊದಲ ಮೂರು ಸುತ್ತಿನ ಲೀಡು ಸಾಕಾಯ್ತು. ಅವಿನಾಶ್ ಬಂದು "ಪಾರ್ಟಿ ಕೊಡ್ಬೇಕು ನೋಡು" ಅಂತ ಕೈ ಕುಲುಕಿದ. ಅವನ ಕಣ್ಣಲ್ಲಿ ನೀರಿತ್ತು. ಬರ್ಚ್ ಸೀಸನ್ ಅಂತೂ ಮುಗಿದಿದೆ.

ನಾನು ಬಿದ್ದಿರೋ ಪ್ಲೇಟಿಗೆ ಹೊಡೆದೆ, ಮಾಮ. ನಿಂತಿರೋದು ಕಂಡಿತ್ತು ನಂಗೆ. ಸೆಪ್ಟೆಂಬರ್ ಮ್ಯಾಚಲ್ಲಿ ಇನ್ನೂ ಮೂರು ಜನ ನನ್ನ ನಂಬ್ಕೊಂಡು ನಿಂತಿರ್ತಾರೆ.

ನಿಮ್ಮ ಮೊದಲ ಟೆಸ್ಟನ್ನ ಏಪ್ರಿಲಲ್ಲೇ ಮಾಡಿದ್ದೆ, ನಿಮ್ಮ ಕಾಗದ ಬಂದ ದಿನಾನೇ. ಕಿಟಕಿ ಹತ್ತಿರ ನಿಂತು, ಸ್ಕೋಪ್ ಕೈಯಲ್ಲಿ ಹಿಡ್ಕೊಂಡು, ಪೂರ್ತಿ ಒಂದು ಸುತ್ತು.

ಬಾಲ ತಿರುಗಲಿಲ್ಲ.

ಇಳಾ

*

ಮೈಸೂರು
16 ಜೂನ್ 2025

ಇಳಾ,

ಗೊತ್ತಿತ್ತು. ನೀನೇ ಹೇಳಲಿ ಎಂದು ಕಾಯುತ್ತಿದ್ದೆ.

ನಾಳೆ ಬೆಳಗ್ಗೆ ಮೊದಲು ಅಲ್ಲಿನ ಕಣ್ಣಿನ ಪರೀಕ್ಷಕರ ಬಳಿಗೆ ಹೋಗು, ಅವರು ಆಸ್ಪತ್ರೆಗೆ ಚೀಟಿ ಕೊಡುತ್ತಾರೆ. ಅವರು ಓದಲು ಹೇಳಿದಾಗ ಬೇಗ ಓದಬೇಡ. ಕಾಣದಿದ್ದರೆ ಕಾಣುವುದಿಲ್ಲ ಎನ್ನು. ನಮ್ಮ ಅಂಗಡಿಯಲ್ಲಿ ಆ ಮಾತು ಹೇಳಿದ ಯಾರನ್ನೂ ನಾನು ಬೈದದ್ದಿಲ್ಲ.

ಅತ್ತೆ ಕೇಳಿದಳು. ಸೆಲೆಕ್ಷನ್ ಆಯಿತಂತೆ ಎಂದಷ್ಟೇ ಹೇಳಿದೆ. ಪಾಯಸ ಮಾಡಿದ್ದಾಳೆ. ನಾನು ತಿಂದೆ.

ರಮಣ ಮಾಮ

*

ಸೋಡರ್‌ಟೆಲ್ಯೆ
20 ಆಗಸ್ಟ್ 2025

ರಮಣ ಮಾಮ,

ನೀವು ಹೇಳಿದ್ದೇ. ಡಾಕ್ಟ್ರು ಮೆಷಿನ್ ಮುಂದೆ ಗಲ್ಲ ಇಡಿಸಿ ಕಣ್ಣಿನ ನಕ್ಷೆ ತೆಗೆದ್ರು. ಎಡಗಣ್ಣು ಎಲ್ಲಾ ಹಸಿರು, ಬಲಗಣ್ಣಲ್ಲಿ ಕೆಳಗಡೆ ಒಂದು ಕೆಂಪು ಗುಡ್ಡ. ಕೆರಾಟೋಕೋನಸ್ ಅಂದ್ರು. ಜುಲೈದು ಒಂದು ನಕ್ಷೆ, ಹೋದ ವಾರದ್ದು ಒಂದು, ಪಕ್ಕ ಪಕ್ಕ ಇಟ್ಟು ತೋರಿಸಿದ್ರು. ಅಷ್ಟರಲ್ಲೇ ಗುಡ್ಡ ಬೆಳೆದಿದೆ. ಇಲ್ಲಿ ಅಪಾಯಿಂಟ್‌ಮೆಂಟ್ ಸಿಗೋಕೆ ಎಷ್ಟು ಕಾಯಬೇಕು ಅಂತ ನಿಮಗೆ ಗೊತ್ತಿಲ್ಲ, ಕಾಯ್ತಾ ಕಾಯ್ತಾನೇ ಬೇಸಿಗೆ ಮುಗೀತು. ಏಪ್ರಿಲಲ್ಲಿ ಹೋಗಿದ್ದಿದ್ರೆ ಅಂತ ಕೇಳಕ್ಕೆ ಬಾಯಿ ತೆಗೆದೆ, ಕೇಳ್ಲಿಲ್ಲ.

ವಿಟಮಿನ್ ಹನಿ ಹಾಕಿ, ಅದರ ಮೇಲೆ ನೀಲಿ ಬೆಳಕು ಬಿಟ್ಟು ಗಟ್ಟಿ ಮಾಡ್ತಾರಂತೆ. ಸೆಪ್ಟೆಂಬರ್ ನಾಲ್ಕಕ್ಕೆ ಒಂದು ಡೇಟ್ ಖಾಲಿ ಇದೆ, ಬಿಟ್ರೆ ನವೆಂಬರ್. ಮ್ಯಾಚಿರೋದು ಸೆಪ್ಟೆಂಬರ್ ಆರಕ್ಕೆ.

ಡಾಕ್ಟ್ರ ಮುಂದೇನೇ ಲೆಕ್ಕ ಹಾಕ್ತಿದ್ದೆ ನಾನು. ಆರನೇ ತಾರೀಕು ಬಿಸಿಲಿದ್ರೆ? ಒಂದು ಮ್ಯಾಚು, ಆಮೇಲೆ ನವೆಂಬರ್, ಏನು ಮಹಾ ಆಗುತ್ತೆ? ನಾಳೆ ಹೇಳ್ತೀನಿ ಅಂದು ಎದ್ದೆ. ಟ್ರೇನಲ್ಲಿ ಮೋಡ ನೋಡ್ಕೊಂಡು ಬಂದೆ. ಇಡೀ ವಾರ ಹವಾಮಾನದ ಆ್ಯಪ್ ತೆಗೆಯೋದು, ಮುಚ್ಚೋದು, ಅಷ್ಟೇ ಆಗುತ್ತೆ ಅನ್ನಿಸ್ತು. ನಮ್ಮ ಸ್ಟಾಪಲ್ಲಿ ಇಳಿದು ಅಲ್ಲೇ ಪ್ಲಾಟ್‌ಫಾರ್ಮಲ್ಲಿ ನಿಂತು ಫೋನ್ ಮಾಡಿ ನಾಲ್ಕನೇ ತಾರೀಕು ಅಂದೆ.

ಭಾನುವಾರ ಕ್ಲಬ್ಬಲ್ಲಿ ಕಾಫಿಗೆ ಕೂತಾಗ ಗುನಿಲ್ಲಾಗೆ ಹೇಳಿದೆ. ಅವರು ದಾಲ್ಚಿನ್ನಿ ಬನ್ನು ತಿಂತಿದ್ರು, ಪೂರ್ತಿ ತಿಂದು ಮುಗಿಸಿದ್ರು. ಆಮೇಲೆ "ನಾಲ್ಕು ತಿಂಗಳಿಂದ ಸ್ಕೋಪಿನ ಬಗ್ಗೆ ಮಾತಾಡ್ತಾ ಇದೀಯ, ಇವತ್ತು ಮೊದಲ ಸಲ ನಿನ್ನ ಬಗ್ಗೆ ಮಾತಾಡಿದೆ" ಅಂದ್ರು. ಅಷ್ಟೇ. ನನ್ನ ಕಪ್ಪನ್ನೂ ಅವರೇ ತೊಳೆದಿಟ್ರು.

ಜಾಗ ಅವಿನಾಶಿಗೆ ಹೋಯ್ತು. ಅವನು ಖುಷಿ ಪಡಕ್ಕೆ ಹೆದರ್ಕೊಂಡು ನಿಂತಿದ್ದ. ಅವನ ಸ್ಕೋಪು ಅಷ್ಟಕ್ಕಷ್ಟೇ, ಆರಕ್ಕೆ ಹೋದ್ರೆ ಮಸುಕು. ನನ್ನ ಆಸ್ಟ್ರಿಯಾದ್ದು ಬಿಚ್ಚಿ ಅವನ ಕೈಗಿಟ್ಟೆ. ಮೊದಲ ಸಲ ಅದನ್ನ ಕಣ್ಣಿಗೆ ಹಿಡಿದ. ನಮ್ಮ ಜೊತೆ ಮಾತಾಡೋವಾಗ ಹುಬ್ಬಳ್ಳಿ ಭಾಷೆ ಅಡಗಿಸಿಡ್ತಾನೆ, ಅವತ್ತು ಹೊರಗೆ ಬಂತು.

"ಏ ಇಳಾ, ಎಷ್ಟ್ ಗುಂಡಗೈತಿ ನೋಡ ಚುಕ್ಕಿ!"

ಆಮೇಲೆ ನನ್ನ ಮುಖ ನೋಡಿ ಸ್ಕೋಪ್ ಕೆಳಗಿಳಿಸಿದ. ನಾನು ಬಾತ್‌ರೂಮಿಗೆ ಹೋಗಿ ಬಂದೆ. ಕಣ್ಣು ಉಜ್ಜಲಿಲ್ಲ.

ಇಳಾ

*

ಮೈಸೂರು
2 ಸೆಪ್ಟೆಂಬರ್ 2025

ಪ್ರಿಯ ಇಳಾ,

ನಾಡಿದ್ದು ಹೋಗಿ ಬಾ. ಆಮೇಲೆ ಕೆಲವು ದಿನ ಬೆಳಕು ಚುಚ್ಚುತ್ತದೆ, ಪರದೆ ಎಳೆದುಕೊಂಡು ಮಲಗು. ಅತ್ತೆ ನನ್ನ ಕಿವಿ ಮೆಷಿನ್ನು ತೆಗೆದಿಟ್ಟು ಫೋನಿನ ಸ್ಪೀಕರ್ ಹಾಕಿಕೊಡುತ್ತೇನೆ ಎಂದಿದ್ದಾಳೆ. ನಾಲ್ಕನೆಯ ತಾರೀಕು ಸಂಜೆ ನಾನೇ ಮಾಡುತ್ತೇನೆ. ಕೂಗಿ ಮಾತಾಡು, ಇಡುವುದಿಲ್ಲ.

ರಮಣ ಮಾಮ

*

ಸೋಡರ್‌ಟೆಲ್ಯೆ
12 ಅಕ್ಟೋಬರ್ 2025

ಮಾಮ,

ಅವತ್ತು ಕೂಗಿ ಕೂಗಿ ಪಕ್ಕದ ಮನೆಯವರು ಬಂದು ಬೆಲ್ ಮಾಡಿದ್ರು, ಹೇಳಿದ್ನಾ? ಯಾರೋ ಜಗಳ ಆಡ್ತಿದಾರೆ ಅಂದ್ಕೊಂಡ್ರಂತೆ.

ನೋವು ಹೋಯ್ತು. ಗುಡ್ಡ ನಿಂತಿದೆಯೋ ಇಲ್ವೋ ಅಂತ ಹೇಳಕ್ಕೆ ಇನ್ನೂ ತಿಂಗಳುಗಳು ಬೇಕಂತೆ. ನಮ್ಮ ಟೀಮು ಏಳನೇದಾಗಿ ಬಂತು. ಆರನೇ ತಾರೀಕು ಇಡೀ ದಿನ ಮೋಡ ಇತ್ತು ಅಂತ ಅವಿನಾಶ್ ಹೇಳಿದ. ಬೇಕಂತ ಹೇಳಿದ್ನೋ ಏನೋ, ಒಳ್ಳೇವ್ನು. ಸ್ಕೋಪ್ ವಾಪಸ್ ಕೊಟ್ಟ, ಒರೆಸಿ, ಡಬ್ಬೀಲಿಟ್ಟು.

ನಿನ್ನೆ ಮತ್ತೆ ಹೋಗಿದ್ದೆ ಕ್ಲಬ್ಬಿಗೆ. ಗುನಿಲ್ಲಾ ರೈಫಲ್ ತಂದು ನನ್ನ ಎಡಭುಜಕ್ಕೆ ಇಟ್ರು. ಎಡಗಣ್ಣು, ಎಡಗೈ. ಹಲ್ಲುಜ್ಜೋದನ್ನ ಹೊಸದಾಗಿ ಕಲಿಯೋ ಹಾಗಿದೆ. ಗುಂಡು ಒಳಗೆ ತಳ್ಳೋ ಬೋಲ್ಟ್ ಹುಡುಕಕ್ಕೆ ಕೈ ಗಾಳೀಲಿ ತಡಕಾಡುತ್ತೆ. ನಿಂತಲ್ಲೇ ನಿಂತು ರಟ್ಟಿಗೆ ಹೊಡೆದೆ, ಅದೂ ಅರ್ಧ ಆಚೆ ಹೋಯ್ತು. ಮುಂದಿನ ವರ್ಷ ಟೀಮಲ್ಲಿರ್ತೀನೋ ಇಲ್ವೋ ಗೊತ್ತಿಲ್ಲ. ಆದ್ರೆ ಚುಕ್ಕಿ ಗುಂಡಗಿತ್ತು, ಮಾಮ. ಸುಮಾರು ಹೊತ್ತು ಹೊಡೀದೆ ಅದನ್ನೇ ನೋಡ್ತಾ ಕೂತಿದ್ದೆ. ಸ್ಕೋಪ್ ಇದೇ ಇರಲಿ ಬಿಡಿ, ಇನ್ನೊಂದು ಹುಡುಕಲ್ಲ.

ನೀವು ಕಳಿಸಿದ ಪಟ ಇನ್ನೂ ಗೋಡೆ ಮೇಲೇ ಇದೆ. ಅವಿನಾಶಿಗೆ ಹೇಳಿ ಅದರ ಸಾಲುಗಳಲ್ಲೆಲ್ಲಾ ಬೇರೆ ಬೇರೆ ಅಕ್ಷರ ಹಾಕಿಸಿ ಹೊಸದಾಗಿ ಪ್ರಿಂಟ್ ತೆಗೆಸಿದೀನಿ, ನಾನು ನೋಡದೇ ಇರೋ ಹಾಗೆ ಅವನ ಕೈಲೇ ಅದರ ಮೇಲೆ ಅಂಟಿಸಿದೀನಿ. ಹತ್ತಡಿ ನಿಂತಿದೀನಿ. ಎಡಗಣ್ಣು ಮುಚ್ಚಿದೀನಿ. ಒತ್ತಿಲ್ಲ. ಬರ್ಕೊಳ್ಳಿ.

ಮೊದಲನೇ ಸಾಲು, ಠ. ಎರಡನೇದು, ಮ, ಸ. ಮೂರನೇದು... ತಡೀರಿ. ವ. ಅದರ ಪಕ್ಕ ಒಂದು ಏನೋ ಇದೆ, ಅದು ಬ ಇರಬಹುದು, ಊಹೆ ಮಾಡ್ತಾ ಇದೀನಿ ಅನ್ನಿಸುತ್ತೆ, ಅದನ್ನ ಬಿಟ್ಬಿಡಿ.

ನಾಲ್ಕನೇದು ಕಾಣಲ್ಲ, ಮಾಮ.

ನಿಮ್ಮ
ಇಳಾ